ಅಂಗೈಯ ಸಜ್ಜಿಗೆ

ಅಂಗೈಗೆ ಬಿದ್ದ ಸಜ್ಜಿಗೆಯನ್ನು ಶಿರೀಷಾ ಬಾಯಿಗೆ ಹಾಕಿಕೊಳ್ಳಲಿಲ್ಲ. ತಲೆ ಬಗ್ಗಿಸಿಕೊಂಡೇ, ಪಕ್ಕದ ಮಣೆಯ ಮೇಲೆ ಕೂತಿದ್ದ ಗಂಡ ದಯಾನಂದನ ಕಡೆ ಕಣ್ಣು ಹೊರಳಿಸಿದಳು. ಹಿಂದೂಪುರದಲ್ಲಿ ಮದುವೆ ಮುಗಿಸಿಕೊಂಡು ಕಲ್ಯಾಣದುರ್ಗದ ಈ ಮನೆಗೆ ಬಂದು ಅವಳಿಗೆ ಇದು ಮೂರನೆಯ ದಿನ. ಸತ್ಯನಾರಾಯಣ ಪೂಜೆ ಆಗಿತ್ತು, ಕಥೆಯೂ ಮುಗಿದಿತ್ತು. ಪ್ರಸಾದವನ್ನು ತಾತ್ಸಾರ ಮಾಡಿದವರಿಗೆ ಎಂಥೆಂಥ ಗತಿ ಬಂತು ಎಂದು ಪುರೋಹಿತರು ಈಗಷ್ಟೇ ಎಲ್ಲರ ಎದೆ ನಡುಗುವಂತೆ ಹೇಳಿದ್ದರು.

ಸಜ್ಜಿಗೆ ಎಂದರೆ ಗೋಧಿ ರವೆ, ಹಾಲು, ತುಪ್ಪ. ಶಿರೀಷಾಗೆ ಮೂರೂ ವಿಷ. ತಿಂದರೆ ವಾಂತಿ. ನಿಶ್ಚಿತಾರ್ಥವಾದ ವಾರದಲ್ಲೇ ಅವಳು ಇದನ್ನು ದಯಾನಂದನಿಗೆ ಫೋನಿನಲ್ಲಿ ಹೇಳಿದ್ದಳು. 'ಡಾಕ್ಟ್ರು ಗೋಧಿ, ಹಾಲು ಎರಡೂ ಬಿಟ್ಬಿಡು ಅಂದವ್ರೆ. ಮಿಕ್ಕಿದ್ದೆಲ್ಲ ಚೆನ್ನಾಗೇ ಉಣ್ತೀನಿ. ನಿಮ್ಮಮ್ಮಂಗೆ ನಾನು ಹೇಳ್ಲಾ, ನೀವು ಹೇಳ್ತೀರಾ?' ಎಂದು ಕೇಳಿದ್ದಳು. 'ನಾನೇ ಹೇಳ್ತೀನಿ, ನೀನು ಸುಮ್ಕಿರು' ಎಂದು ಈ ಮಹಾರಾಯ ಮಾತು ಕೊಟ್ಟಿದ್ದ. ಹೇಳಲಿಲ್ಲ. ಕಾಯಿಲೆ ಹುಡುಗೀನ ತಂದ ಅಂತ ನೆಂಟರು ಆಡಿಕೊಂಡರೆ? ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ತಾಳಿ ಕಟ್ಟಿದ. ಮನೆಗೆ ಕರೆತಂದ ಮೇಲೂ ನಾಳೆ ಎಂದೇ ತಳ್ಳುತ್ತಿದ್ದ.

ಈಗ ಅವಳು ಕಣ್ಣಿನಲ್ಲೇ ಕೇಳುತ್ತಿದ್ದಳು. ದಯಾನಂದ ಕಲಶದ ತೆಂಗಿನಕಾಯಿಯನ್ನು ಅದೇ ಮೊದಲ ಸಲ ಕಂಡವನಂತೆ ನೋಡತೊಡಗಿದ.

'ತಿನ್ನಮ್ಮ, ಪ್ರಸಾದ ಕೈಯಾಗೆ ಹಿಡ್ಕೊಂಡು ಕೂರಬಾರ್ದು' ಎಂದಳು ಅತ್ತೆ ಬನಶಂಕರಿ. ದನಿಯಲ್ಲಿ ಗದರಿಕೆ ಇರಲಿಲ್ಲ, ದೇವರ ಭಯವಿತ್ತು.

'ಒಂಚೂರು ತಿಂದ್ರೆ ಏನೂ ಆಗಲ್ಲ' ಎಂದು ದಯಾನಂದ ತುಟಿ ಅಲ್ಲಾಡಿಸದೆ ಗೊಣಗಿದ. ಶಿರೀಷಾ ಇನ್ನೊಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಕಣ್ಣಿಗೊತ್ತಿಕೊಂಡು ಅಷ್ಟನ್ನೂ ತಿಂದಳು.

ಮೊದಲ ಪಂಕ್ತಿಯ ಊಟ ಅರ್ಧವಾಗುವ ಹೊತ್ತಿಗೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ವಾಂತಿಯ ಸದ್ದು ನಡುಮನೆಗೇ ಕೇಳಿಸಿತು. ಹೆಂಗಸರು ತುಂಬಿದ ಮನೆಯಲ್ಲಿ ಹೊಸ ಮದುಮಗಳು ವಾಂತಿ ಮಾಡಿಕೊಂಡರೆ ಕೇಳಬೇಕೆ! ಉಣ್ಣುತ್ತಿದ್ದ ಕೈಗಳು ಎಲೆಯ ಮೇಲೇ ನಿಂತವು. ಪಕ್ಕದ ಮನೆಯ ಉಡುಸಲಮ್ಮ ಮೂಗಿನ ಮೇಲೆ ಬೆರಳಿಟ್ಟಳು.

'ಅಪ್ಪುಡೇನಾ?' ಎಂದು ತೆಲುಗಿನಲ್ಲಿ ಕೇಳಿದಳು. ಯಾರಿಗೂ ತಪ್ಪಿಹೋಗದಿರಲಿ ಎಂದು ಕನ್ನಡದಲ್ಲೂ ಕೇಳಿದಳು. 'ಆಗ್ಲೇನಾ? ತಾಳಿ ಕಟ್ಟಿ ಮೂರು ದಿನ ಆಗಿಲ್ಲ ಕಣ್ರಮ್ಮಾ, ಆಗ್ಲೇ ವಾಂತಿನಾ? ಹಿಂದೂಪುರದೋರು ಅವಸರದಾಗೆ ಮದುವೆ ಮಾಡಿ ಕಳ್ಸಿದ್ದು ಇದಕ್ಕೇನಾ ಹಂಗಾದ್ರೆ?'

ಯಾರೋ ಕಿಸಕ್ಕನೆ ನಕ್ಕರು. ಬನಶಂಕರಿಯ ಮುಖ ಕಪ್ಪಿಟ್ಟಿತು. 'ಏನ್ಲಾ ಇದು?' ಎಂದು ಮಗನನ್ನು ಕೇಳಿದಳು.

ಈಗಲಾದರೂ ಬಾಯಿ ಬಿಡಬೇಕಿತ್ತು. ಒಂದೇ ಒಂದು ಮಾತಿನಲ್ಲಿ ಹೆಂಡತಿಯ ಮಾನ ಉಳಿಯುತ್ತಿತ್ತು. ದಯಾನಂದನ ಕಿವಿ ನಾಚಿಕೆಯಿಂದ ಸುಡುತ್ತಿತ್ತು. 'ಪ್ರಯಾಣದ ಆಯಾಸ ಇರ್ಬೇಕಮ್ಮ' ಎಂದ. ಮೊನ್ನೆ ಮಾಡಿದ ಪ್ರಯಾಣ! ಉಡುಸಲಮ್ಮ ನಗು ತಡೆಯಲಾರದೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

ಶಿರೀಷಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. 'ಅತ್ತೆ, ನಂಗೆ ಗೋಧಿ ಆಗಲ್ಲ. ಹಾಲು, ತುಪ್ಪನೂ ಆಗಲ್ಲ. ಚಿಕ್ಕೋಳಿದ್ದಾಗಿಂದ ಹಿಂಗೇ. ಇವ್ರಿಗೆ ಮದುವೆಗೆ ಮುಂಚೆನೇ ಹೇಳಿದ್ದೆ' ಎಂದಳು.

ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ದಯಾನಂದನ ಕಡೆ ತಿರುಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಬನಶಂಕರಿ ಅವನನ್ನು ನೋಡಲಿಲ್ಲ. ಸೊಸೆಯ ಬಳಿಗೆ ಹೋಗಿ ತನ್ನ ಸೆರಗಿನಿಂದ ಅವಳ ಮುಖ ಒರೆಸಿದಳು.

'ಅದಕ್ಕೇನಾ ಚಪಾತಿ ಇಟ್ರೂ ಸಾಕು, ಪೂರಿ ಇಟ್ರೂ ಸಾಕು ಅಂತಿದ್ದೆ? ನನ್ ಕೈ ಅಡಿಗೆ ನಿಂಗೆ ಸೇರ್ಲಿಲ್ಲ ಅಂತ ನಾನು ಕಣ್ಣೀರು ಹಾಕ್ದೆ ಕಣಮ್ಮ. ನಿಮ್ಮನೇಲಿ ಏನು ಉಣ್ತಿದ್ದೆ ಮತ್ತೆ?'

'ಮುದ್ದೆ ಅತ್ತೆ. ಶೇಂಗಾ ಚಟ್ನಿ, ಸೊಪ್ಪಿನ ಸಾರು, ಜೋಳದ ರೊಟ್ಟಿ, ನವಣೆ ಅನ್ನ... ಹೊಟ್ಟೆ ತುಂಬ ಉಣ್ತಿದ್ದೆ. ಇಲ್ಲಿ ಯಾರೂ ಮುದ್ದೆ ಉಣ್ಣೋದು ಕಾಣ್ಲಿಲ್ಲ. ಕೇಳೋಕೆ ಸಂಕೋಚ ಆಯ್ತು.'

ಮುದ್ದೆಯಿಲ್ಲದೆ ಆ ಮನೆಯಲ್ಲಿ ದಿನ ಕಳೆದದ್ದುಂಟೇ? ಸೊಸೆ ಬಂದ ಮೇಲೂ ಬನಶಂಕರಿ ಮಾಡಿದ್ದಳು. ಅವಳೂ ಅವಳ ಗಂಡನೂ ಅಡುಗೆಮನೆಯಲ್ಲೇ ಕದ ಮುಚ್ಚಿಕೊಂಡು ಕೂತು, ಕದ್ದು ತಿನ್ನುವವರ ಹಾಗೆ ನುಂಗಿದ್ದರು. ಹಾಗೆ ಮಾಡಿ ಎಂದು ಹೇಳಿದವನು ಈ ಮಗನೇ. 'ಹಿಂದೂಪುರದಾಗೆ ರೇಷ್ಮೆ ಸೀರೆ ಅಂಗಡಿ ಇಟ್ಟಿರೋರ ಮಗಳು ಕಣಮ್ಮ. ಅವಳ ಮುಂದೆ ಮುದ್ದೆ ಗಿದ್ದೆ ತಂದು ನನ್ ಮರ್ಯಾದೆ ಕಳೀಬೇಡ' ಎಂದು ಮದುವೆಯ ಹಿಂದಿನ ದಿನ ಕೈ ಮುಗಿದಿದ್ದ.

'ಬಾರಮ್ಮ, ಎಸರಿಡ್ತೀನಿ. ಬಿಸಿ ಬಿಸಿ ಉಣ್ಣುವಂತೆ' ಎಂದು ಬನಶಂಕರಿ ಸೊಸೆಯ ಕೈ ಹಿಡಿದು ಅಡುಗೆಮನೆಗೆ ನಡೆದಳು. ದಯಾನಂದ ಹಿಂದೆಯೇ ಎರಡು ಹೆಜ್ಜೆ ಇಟ್ಟ. ಹೊಸ್ತಿಲು ದಾಟಿದ ತಾಯಿ ತಿರುಗಿ ನಿಂತು, ನೆಂಟರಿಗೆಲ್ಲ ಕೇಳುವಂತೆ ಹೇಳಿದಳು:

'ಬಾಗ್ಲು ಹಾಕ್ಬುಡಮ್ಮ ಶಿರೀಷಾ. ನಾವು ಮುದ್ದೆ ಉಣ್ಣೋದು ಕಂಡ್ರೆ ನನ್ ಮಗಂಗೆ ನಾಚ್ಕೆ ಆಯ್ತದೆ.'