ಗ್ಯಾಸ್ ಪಾಸ್

"ಗ್ಯಾಸ್ ಪಾಸಾಯ್ತಾ?" ನರ್ಸ್ ಮಾಲಿನಿ ಮೂರನೆಯ ದಿನವೂ ಅದನ್ನೇ ಕೇಳಿದಳು. ಕೊಳ್ಳೇಗಾಲದ ಆಸ್ಪತ್ರೆಯ ಮಂಚದ ಮೇಲಿದ್ದ ಗುರುಬಸಮ್ಮ ಇಲ್ಲವೆಂದು ತಲೆಯಾಡಿಸಿದಳು. ಸುತ್ತಿಕೊಂಡಿದ್ದ ಕರುಳನ್ನು ಆಪರೇಷನ್ ಮಾಡಿ ಬಿಡಿಸಿದಂದಿನಿಂದ ಅವಳ ಬಾಯಿಗೆ ಒಂದು ಹನಿ ನೀರೂ ಬಿದ್ದಿರಲಿಲ್ಲ. ತುಟಿ ಒಣಗಿ ಸಿಪ್ಪೆಯೆದ್ದಿತ್ತು.

"ಒಂದ್ ಗುಟುಕು ನೀರ್ ಕೊಡವ್ವ," ಎಂದ ಗಂಡ ಕೆಂಪನಂಜಪ್ಪ.

"ಗ್ಯಾಸ್ ಪಾಸಾಗ್ದೆ ಕೊಡಂಗಿಲ್ಲ ಯಜಮಾನ್ರೇ. ಸಾಯಂಕಾಲದೊಳ್ಗೆ ಆಗ್ಲಿಲ್ಲ ಅಂದ್ರೆ ಮೈಸೂರಿಗೆ ಕರ್ಕೊಂಡೋಗಿ ಅಂದವ್ರೆ ಡಾಕ್ಟ್ರು. ಇನ್ನೊಂದ್ಸಲ ಹೊಟ್ಟೆ ಕುಯ್ಬೇಕಾಗ್ಬೋದು."

"ನಂದು ನೆನ್ನೇನೇ ಪಾಸಾಯ್ತು," ಎಂದಳು ಪಕ್ಕದ ಮಂಚದ ಹನೂರಿನ ಸೋಮಮ್ಮ, ಗಂಜಿ ಕುಡಿಯುತ್ತಾ.

ಪಾಸ್ ಎಂದರೇನೆಂದು ಕೆಂಪನಂಜಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳು ಭವ್ಯ ಎಸ್ಸೆಸ್ಸೆಲ್ಸಿ ಪಾಸಾದಾಗ ಬೀದಿಗೆಲ್ಲ ಸಕ್ಕರೆ ಹಂಚಿದ್ದ, ಆಮೇಲೆ ಅವಳಿಗೆ ಬಸ್ ಪಾಸ್ ಮಾಡಿಸಿದ್ದ. ಜಮೀನಿನ ಪೋಡಿ ಅರ್ಜಿ ಪಾಸಾಗಲಿ ಎಂದು ತಾಲ್ಲೂಕು ಕಚೇರಿಗೆ ಎರಡು ವರ್ಷ ಚಪ್ಪಲಿ ಸವೆಸಿದ್ದ. ಈಗ ಇದೊಂದು ಗ್ಯಾಸಿನದು. ಆಧಾರ್ ಜೋಡಣೆಗೆ ಹೆಬ್ಬೆಟ್ಟು ಒತ್ತಿ ಹೋಗಿ ಎಂದು ಗ್ಯಾಸ್ ಏಜೆನ್ಸಿಯವರು ಎರಡು ಸಲ ಫೋನ್ ಮಾಡಿದ್ದರೂ ನಾಳೆ, ನಾಳಿದ್ದು ಎಂದು ಕಾಲ ತಳ್ಳಿದವನು ತಾನೇ. ಆಧಾರ್ ಇಲ್ಲದೆ ಯಾವ ಕೆಲಸವೂ ಆಗದ ಕಾಲದಲ್ಲಿ ಗ್ಯಾಸಿಲ್ಲದೆ ನೀರು ಸಿಗದಿರುವುದು ಅವನಿಗೆ ವಿಚಿತ್ರವೆನಿಸಲಿಲ್ಲ. ತನ್ನ ಸೋಮಾರಿತನಕ್ಕೆ ಹೆಂಡತಿ ಬಾಯಾರಿ ಸಾಯಬೇಕೇ ಎಂದು ಕಣ್ಣು ತುಂಬಿ ಬಂತು.

ಮಧುವನಹಳ್ಳಿಯ ಮನೆಗೆ ಓಡಿ, ಅಟ್ಟದ ಡಬ್ಬದಿಂದ ಗ್ಯಾಸಿನ ಪುಸ್ತಕ ಹುಡುಕಿ, ಮತ್ತೆ ಕೊಳ್ಳೇಗಾಲದ ಬಸ್ಸು ಹಿಡಿದು ಏಜೆನ್ಸಿಯ ಸಾಲಿನಲ್ಲಿ ನಿಂತ. ಬೇಸಾಯ ಮಾಡಿ ಮಾಡಿ ಸವೆದ ಹೆಬ್ಬೆಟ್ಟನ್ನು ಯಂತ್ರ ಮೂರು ಸಲ ಒಲ್ಲೆನೆಂದಿತು. ಬೆಟ್ಟದ ಮಾದಪ್ಪನನ್ನು ನೆನೆದು ನಾಲ್ಕನೆಯ ಸಲ ಒತ್ತಿದ. ಹಸಿರು ದೀಪ ಹತ್ತಿತು.

"ಪಾಸಾಯ್ತು ಕಣವ್ವ. ಈಗ್ಲಾದ್ರೂ ನೀರ್ ಕೊಡು," ಎಂದು ಏದುಸಿರು ಬಿಡುತ್ತಾ ಪುಸ್ತಕವನ್ನು ಮಾಲಿನಿಯ ಮುಂದೆ ಹಿಡಿದ.

ಮಾಲಿನಿ ಪುಸ್ತಕ ನೋಡಿದಳು, ಅವನ ಮುಖ ನೋಡಿದಳು. ಉಕ್ಕಿ ಬಂದ ನಗುವನ್ನು ನುಂಗಿಕೊಂಡಳು. "ಯಜಮಾನ್ರೇ, ಈ ಗ್ಯಾಸಲ್ಲ. ಅಮ್ಮನ ಹೊಟ್ಟೇಲಿರೋ ಗ್ಯಾಸು. ಹೂಸು. ಅದು ಬಂದ್ರೆ ಕರುಳು ಕೆಲ್ಸ ಮಾಡ್ತದೆ ಅಂತ ಅರ್ಥ." ಮರ್ಯಾದೆಗೆಂದು ಮೂರು ದಿನ ಇಂಗ್ಲಿಷಿನಲ್ಲಿ ಸುತ್ತಿಟ್ಟಿದ್ದ ಮಾತು ವಾರ್ಡಿಗೆಲ್ಲ ಕೇಳಿಸಿತು.

ಗುರುಬಸಮ್ಮ ಕಣ್ಣರಳಿಸಿದಳು. "ಅದಾ? ನಾನೂ ಸಿಲಿಂಡ್ರು ಅನ್ಕಂಡಿದ್ದೆ ಕಣವ್ವ. ಅದಾದ್ರೆ ನೆನ್ನೆಯಿಂದ್ಲೂ ಬತ್ತಾ ಅದೆ. ಇಷ್ಟ್ ಜನ್ರ ಮುಂದೆ ಎಂಗ್ ಬುಡದು ಅಂತ ತಡ್ಕಂಡಿವ್ನಿ."

"ಅಯ್ಯೋ ತಾಯಿ, ಬುಟ್ಬುಡಿ," ಎಂದಳು ಮಾಲಿನಿ.

"ಮೊದ್ಲು ಗಂಡಸ್ರೆಲ್ಲ ಆಚ್ಗೋಗ್ಲಿ."

ಜೊತೆಗಿರಲು ಬಂದಿದ್ದ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಹೊರಗೆ ಬಂದರು. ಕೆಂಪನಂಜಪ್ಪ ಮುಚ್ಚಿದ ಬಾಗಿಲಿಗೆ ಕಿವಿಯಾನಿಸಿ, ಕೈ ಮುಗಿದು ನಿಂತ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಂತು, ಯಾರಿಗೂ ಅನುಮಾನ ಉಳಿಯದಂಥ ಸದ್ದು. ಅವನು ಅಲ್ಲೇ ಗೋಡೆಗೊರಗಿ ಕುಸಿದು, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡ.

ಡಾಕ್ಟರು ಬಂದು, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳಿ, ಮೈಸೂರಿನ ಮಾತು ಬೇಡ, ನೀರು ಕೊಡಿ ಎಂದರು. ಕೆಂಪನಂಜಪ್ಪ ಚಮಚದಲ್ಲಿ ನೀರು ಹಿಡಿದ. ಗುರುಬಸಮ್ಮ ಕಣ್ಣು ಮುಚ್ಚಿ ಒಂದೊಂದೇ ಗುಟುಕು ನುಂಗಿದಳು. ಆಮೇಲೆ ಅವನ ಅಂಗಿ ಹಿಡಿದು ಹತ್ತಿರಕ್ಕೆಳೆದುಕೊಂಡು, ಕಿವಿಯಲ್ಲಿ ಪಿಸುಗುಟ್ಟಿದಳು:

"ನೀವ್ ಕೇಳುಸ್ಕಂಡಿದ್ದು ನಂದಲ್ಲ, ಆ ಸೋಮಮ್ಮಂದು."