ಹಳದಿ ಚೀಟಿ

ಅಪ್ಪನ ಪುಸ್ತಕದ ಅಧ್ಯಾಯವನ್ನು ಕದ್ದು ತನ್ನ ಲೇಖನ ಮಾಡಿಕೊಂಡ ಪ್ರೊಫೆಸರನ ಮೇಲೆ ಅವಳು ಹಲ್ಲು ಮಸೆಯುತ್ತಲೇ ಬೆಳೆದವಳು. ಅಪ್ಪ ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದ್ದರು.

"ಆ ಲೇಖನದ ಜೆರಾಕ್ಸ್ ಬೇಕು ಸರ್," ಎಂದಳು ಸಂಶೋಧನಾ ಗ್ರಂಥಾಲಯದಲ್ಲಿ. "ನಾಳೆ ಅವನ ಸನ್ಮಾನದಲ್ಲೇ ಹಂಚಿ ಮಾನ ಕಳೀತೀನಿ."

ಗ್ರಂಥಪಾಲಕರು ಪತ್ರಿಕೆಯ ಹಳೆಯ ಸಂಚಿಕೆ ತಂದರು. "ಇದು ಎಂಬತ್ತೊಂದರದು. ನಿಮ್ಮ ತಂದೆಯವರ ಪುಸ್ತಕ?"

"ಎಂಬತ್ತನಾಲ್ಕು. ಆದ್ರೆ ಅಪ್ಪನ ಹಸ್ತಪ್ರತಿ ನೋಡಿ ಕದ್ದಿದ್ದಾನೆ. ಪುಸ್ತಕ ಬರೋವರೆಗೂ ಈ ಲೇಖನಾನ ಅಪ್ಪ ಕಣ್ಣಲ್ಲಿ ನೋಡೇ ಇರ್ಲಿಲ್ಲ. ನನ್ನ ತಲೆ ಮುಟ್ಟಿ ಹೇಳಿದ್ರು."

"ಪ್ರತಿ ಕೇಳಿದೋರ ಚೀಟಿನ ಸಂಚಿಕೆಗೇ ಅಂಟಿಸ್ತೀವಿ ಮೇಡಂ. ನಿಮಗಿಂತ ಮುಂಚೆ ಒಬ್ರೇ ಕೇಳಿರೋದು."

ಹಳದಿಗಟ್ಟಿದ ಚೀಟಿಯಲ್ಲಿ ಎಂಬತ್ತೆರಡರ ತಾರೀಖಿತ್ತು. ಅದರ ಕೆಳಗೆ, ಅವಳ ಶಾಲೆಯ ಪ್ರಗತಿಪತ್ರಗಳಿಗೆ ಅಪ್ಪ ಹಾಕುತ್ತಿದ್ದ ಅದೇ ಸಹಿ.