ತಲೆದೆಸೆಯಿಂದ ಕಂಡ ಮುಖ

ಫಿನೈಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ನಾನು ರೋಗಿಯ ತಲೆದೆಸೆಯಲ್ಲಿ ನಿಲ್ಲಲಾರೆ. ಸುತ್ತು ಹಾಕಿ ಕಾಲ ಬಳಿಗೆ ಹೋಗುತ್ತೇನೆ.

ಆಗ ನನಗೆ ಐದು ವರ್ಷ. ಅವ್ವ ಜ್ವರ ಬಂದು ಜಮಖಂಡಿಯ ಆಸ್ಪತ್ರೆ ಸೇರಿ ಇಪ್ಪತ್ತು ದಿನವಾಗಿತ್ತು. "ಅವ್ವ ಯಾವಾಗ ಬರ್ತಾಳ?" ಎಂದು ನಾನು ಮಗ್ಗದ ನೂಲನ್ನೆಲ್ಲ ಸಿಕ್ಕು ಮಾಡಿ ಕಾಡಿದ್ದಕ್ಕೆ, ಅಜ್ಜಿ ಒಂದು ಮಧ್ಯಾಹ್ನ ಬನಹಟ್ಟಿಯಿಂದ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಬಸ್ಸಿನಲ್ಲೂ ನಾನು ಕೂತಲ್ಲಿ ಕೂಡಲಿಲ್ಲ.

ಕಬ್ಬಿಣದ ಮಂಚದ ತಲೆದೆಸೆ ಬಾಗಿಲಿನ ಕಡೆಗಿತ್ತು. ಅಜ್ಜಿಯ ಕೈ ಕೊಸರಿಕೊಂಡು ಓಡಿಹೋಗಿ, ಕಂಬಿ ಹಿಡಿದು ಬಗ್ಗಿದೆ. ಹಣೆ ಇರಬೇಕಾದಲ್ಲಿ ಗದ್ದವಿತ್ತು. ಅದರ ಕೆಳಗೆ ಬಾಯಿ ಅಲುಗಿತು. ಇನ್ನೂ ಕೆಳಗೆ ಎರಡು ಕಣ್ಣು ತಲೆಕೆಳಗಾಗಿ ರೆಪ್ಪೆ ಬಡಿದವು.

"ಈಕಿ ನಮ್ಮವ್ವ ಅಲ್ಲ!" ಎಂದು ಚೀರಿದೆ.

"ಹುಚ್ಚಿ, ನಿಮ್ಮವ್ವನ ಬೇ! ಈ ಕಡೆ ಬಂದು ನೋಡು," ಎಂದು ಅಜ್ಜಿ ರಟ್ಟೆ ಹಿಡಿದು ನನ್ನನ್ನು ಕಾಲ ಬಳಿಗೆ ಎಳೆದಳು.

ಅಲ್ಲಿಂದ ನೋಡಿದರೆ ಅದೇ ಮೂಗುಬೊಟ್ಟು, ಅದೇ ಹುಬ್ಬು. "ಹೌದ, ಅವ್ವನ ಅದಾಳ!" ಎಂದು ಕುಣಿದಾಡಿದೆ.

ಅವ್ವ ನಗಲಿಲ್ಲ. ಬೆರಳಿನಿಂದ ಎರಡೂ ಕೆನ್ನೆಗಳನ್ನು ಮೆಲ್ಲಗೆ ತಡವಿಕೊಂಡಳು.

"ಅತ್ತಿ, ಕನ್ನಡಿ ಐತೇನ್ರಿ?" ಎಂದಳು.